ಬಿಚ್ಚಿದ ಮೇಲೆ

ತತ್ವಶಾಸ್ತ್ರ ಓದಲು ಹೊರಟವರಿಗೆ ಮೊದಲ ವಾರದಲ್ಲೇ ಥೀಸಿಯಸ್‌ನ ಹಡಗು ಎದುರಾಗುತ್ತದೆ. ಅಥೆನ್ಸಿನ ಜನ ಆ ಹಡಗನ್ನು ತಲೆಮಾರುಗಳ ಕಾಲ ಉಳಿಸಿಕೊಂಡರು, ಕೊಳೆತ ಹಲಗೆ ತೆಗೆದು ಗಟ್ಟಿ ಹಲಗೆ ಕೂರಿಸುತ್ತ ಬಂದರು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೇ? ಮಿಲಿಂದ ರಾಜನಿಗೆ ಭಿಕ್ಷು ನಾಗಸೇನ ಕೇಳುವುದೂ ಇದರ ನೆಂಟನಂಥ ಪ್ರಶ್ನೆ: ನೀನು ಬಂದ ರಥ ಎಂದರೆ ಯಾವುದು, ಅಚ್ಚೋ, ಗಾಲಿಯೋ, ನೊಗವೋ? ನಮ್ಮ ಮಂಡ್ಯ ಸೀಮೆಯವರು ಅಷ್ಟು ದೂರ ಹೋಗಬೇಕಿಲ್ಲ. ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲುಕಲ್ಲಿಗೂ ನಂಬರು ಹಾಕಿ ಬಿಚ್ಚಿ, ಹೊಸ ಕನ್ನಂಬಾಡಿಯ ಹಿನ್ನೀರಿನ ದಂಡೆಯಲ್ಲಿ ಮತ್ತೆ ಕಟ್ಟಿದ್ದಾರೆ. ಭಾನುವಾರ ಅಲ್ಲಿಗೆ ಬರುವ ಜನರಲ್ಲಿ ಯಾರೂ ಇದು ಅದೇ ಗುಡಿಯೇ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಕೈ ಮುಗಿಯುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ.

ಈ ಪ್ರಶ್ನೆಗಳೆಲ್ಲ ಹಲಗೆ ಬದಲಾದ ಮೇಲಿನವು. ಬದಲಾಯಿಸುವ ಮೊದಲು ಯಾರೋ ಒಬ್ಬ ಬಡಗಿ ಹಡಗಿನ ಹೊಟ್ಟೆಯೊಳಗೆ ಕೂತು, ತಟ್ಟಿ ನೋಡಿ, ಉಗುರಿನಲ್ಲಿ ಕೆರೆದು ನೋಡಿ, ‘ಇದು ಬೇಡ, ಅದು ಇರಲಿ’ ಅಂದಿರಬೇಕಲ್ಲ? ಅವನು ಯಾವ ಲೆಕ್ಕದ ಮೇಲೆ ಹಾಗಂದ? ಅರ್ಧ ಕೊಳೆತ ಹಲಗೆಗೆ ಏನು ಮಾಡಿದ? ಪ್ಲುಟಾರ್ಕ್ ಆ ಬಡಗಿಯನ್ನು ಮಾತಾಡಿಸುವುದಿಲ್ಲ. ನನಗೋ ಹಡಗಿನ ಗುರುತಿಗಿಂತ ಬಡಗಿಯ ಆ ತೀರ್ಮಾನವೇ ಹೆಚ್ಚು ಕಷ್ಟದ್ದು, ಹೆಚ್ಚು ನೈತಿಕವಾದದ್ದು ಅನ್ನಿಸತೊಡಗಿದೆ. ಹಾಗನ್ನಿಸುವುದಕ್ಕೆ ಕಾರಣ ಕೆ.ಆರ್. ಪೇಟೆಯ ಒಂದು ಗ್ಯಾರೇಜಿನಲ್ಲಿ ಗೋಣಿತಾಟಿನ ಮೇಲೆ ಬಿಚ್ಚಿ ಹರಡಿದ್ದ ಗೇರ್‌ಬಾಕ್ಸು.

ಗಾಡಿ ನಮ್ಮ ದೊಡ್ಡಪ್ಪನದು. ಬೂಕನಕೆರೆಯಲ್ಲಿರುವ ಅವರು ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು, ಗಾಡಿ ಯಜ್ಡಿ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ವಿನ್ಯಾಸ ಹಿಡಿದು 1961ರಿಂದ ಮೊದಲು ಜಾವಾ, ಆಮೇಲೆ ಯಜ್ಡಿ ಹೆಸರಿನಲ್ಲಿ ಬೈಕು ಮಾಡುತ್ತಿತ್ತು, 1996ರಲ್ಲಿ ಮುಚ್ಚಿತು. 1978ರಲ್ಲಿ ಬಂದ ರೋಡ್‌ಕಿಂಗ್ 250 ಸಿಸಿಯದು, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಸ್ಪೋರ್ಟ್ಸ್ ಕಾರನ್ನು ಪತ್ರಿಕೆಯ ಚಿತ್ರದಲ್ಲಷ್ಟೇ ಕಂಡಿದ್ದ ಆ ಕಾಲದ ನಮ್ಮೂರ ಹುಡುಗರ ಪಾಲಿಗೆ ಅದೇ ಸ್ಪೋರ್ಟ್ಸ್ ಕಾರು. ಈಗ ಅದು ಏರು ಹತ್ತುವಾಗ ಎರಡನೇ ಗೇರಿನಿಂದ ಟಕ್ ಎಂದು ಹಾರಿ ನ್ಯೂಟ್ರಲ್ಲಿಗೆ ಬೀಳುತ್ತಿತ್ತು.

ಜಾವಾ ವಂಶದ ಬೈಕುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಒಂದೇ ಅಲ್ಯುಮಿನಿಯಂ ಕವಚದೊಳಗೆ ಇರುತ್ತವೆ. ಒಂದು ಗೇರನ್ನು ಮುಟ್ಟಬೇಕೆಂದರೂ ಎಂಜಿನ್ ಕೆಳಗಿಳಿಸಿ, ಕವಚವನ್ನು ಹಲಸಿನ ಹಣ್ಣಿನಂತೆ ಎರಡು ಹೋಳು ಮಾಡಬೇಕು. ಆಗ ನೋಡಲು ಬಂದದ್ದಷ್ಟೇ ಕಾಣುವುದಿಲ್ಲ, ಎಲ್ಲವೂ ಕಾಣುತ್ತದೆ: ಕ್ರ್ಯಾಂಕು, ಅದರ ಬೇರಿಂಗು, ಬುಷ್ಷು, ಆಯಿಲ್ ಸೀಲು, ಕಿಕ್ಕಿನ ಹಲ್ಲು. (ಎಂಜಿನ್ ನಂಬರು ಕೊರೆದಿರುವುದೂ ಆ ಕವಚದ ಮೇಲೇ. ಒಳಗಿನದೆಲ್ಲ ಬದಲಾದರೂ ಆರ್‌ಸಿ ಪುಸ್ತಕದ ಪ್ರಕಾರ ಗಾಡಿ ಅದೇ. ಥೀಸಿಯಸ್‌ನ ಸಮಸ್ಯೆಯನ್ನು ಸಾರಿಗೆ ಇಲಾಖೆ ಹೀಗೆ ನಂಬರು ಹೊಡೆದು ಬಗೆಹರಿಸಿಬಿಟ್ಟಿದೆ.)

“ಬಿಚ್ಚಿದ್ ಮ್ಯಾಲೆ ಎಲ್ಲಾನೂ ಹೊಸ್ದೇ ಹಾಕ್ಬುಡಾನ ಮೇಷ್ಟ್ರೇ” ಎಂದರು ಮೆಕ್ಯಾನಿಕ್. “ಕೆಟ್ಟಿರೋದ್ ಯಾವ್ದೋ ಅದ್ನ ಹಾಕಪ್ಪ. ನೆಟ್ಟಗಿರೋದ್ನ ಯಾಕ್ ತೆಗೀಬೇಕು?” ಎಂದರು ದೊಡ್ಡಪ್ಪ. ಇಬ್ಬರೂ ಪ್ರಾಮಾಣಿಕರು. ಮೆಕ್ಯಾನಿಕ್‌ಗೆ ಪಾರ್ಟ್ಸು ಮಾರುವ ಆಸೆಯಿಲ್ಲ, ದೊಡ್ಡಪ್ಪನಿಗೆ ದುಡ್ಡಿನ ಜಿಪುಣತನವಿಲ್ಲ. ಹಾಗಾಗಿ ಅದು ಚೌಕಾಸಿಯಲ್ಲ; ಎರಡು ಸಿದ್ಧಾಂತಗಳು ಎದುರುಬದುರು ಕೂತಿದ್ದವು.

ದೊಡ್ಡಪ್ಪನ ಮಾತು ಕೇಳಲು ಸರಳ: ಕೆಟ್ಟದ್ದನ್ನು ತೆಗೆ, ಒಳ್ಳೆಯದನ್ನು ಇಡು. ಆದರೆ ಕೆಟ್ಟದ್ದು ಯಾವುದು? ಗೇರು ಹಾರುವುದು ಹೇಗೆಂದರೆ, ಒಂದು ಗೇರಿನ ಪಕ್ಕೆಯಲ್ಲಿ ಗೂಟದಂಥ ದಪ್ಪ ಹಲ್ಲುಗಳು ಚಾಚಿಕೊಂಡಿರುತ್ತವೆ. ಮೆಕ್ಯಾನಿಕ್‌ಗಳು ಅದನ್ನು ಡಾಗ್ ಎನ್ನುತ್ತಾರೆ. ಅವು ಪಕ್ಕದ ಗೇರಿನ ಹಲ್ಲಿಗೋ ಕಂಡಿಗೋ ಹೊಕ್ಕು ಕಚ್ಚಿಕೊಂಡರೆ ಎರಡೂ ಒಟ್ಟಿಗೆ ತಿರುಗುತ್ತವೆ. ಹೊಸದರಲ್ಲಿ ಅವುಗಳ ಅಂಚು ಚೂಪು. ವರ್ಷಗಟ್ಟಲೆ ತಿಕ್ಕಾಡಿ ಅಂಚು ಗುಂಡಗಾದರೆ ಭಾರ ಬಿದ್ದಾಗ ಒಂದನ್ನೊಂದು ಜಾರಿಸಿ ಹೊರಗೆ ತಳ್ಳುತ್ತವೆ. ಜಾರದಂತೆ ತಡೆಯಲು ಹೋಗಿ, ಗೇರನ್ನು ಆಚೀಚೆ ಸರಿಸುವ ಫೋರ್ಕು ಸವೆಯುತ್ತದೆ. ಫೋರ್ಕು ಸವೆದರೆ ಹಲ್ಲು ಪೂರ್ತಿ ಹೊಕ್ಕದೆ ಅರ್ಧಕ್ಕೇ ಕಚ್ಚುತ್ತದೆ, ಅರ್ಧ ಕಚ್ಚಿದ ಹಲ್ಲು ಇನ್ನೂ ಬೇಗ ಗುಂಡಗಾಗುತ್ತದೆ. ಇವುಗಳಲ್ಲಿ ಮೊದಲು ಸವೆದದ್ದು ಯಾವುದು? ಲಿವರ್ ಮೇಲೇ ಪಾದ ಇಟ್ಟುಕೊಂಡು ಓಡಿಸುವ ದೊಡ್ಡಪ್ಪನ ಅಭ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕೋ?

ಮೆಕ್ಯಾನಿಕ್ ಎರಡು ಗೇರುಗಳನ್ನು ಕೈಗೆತ್ತಿಕೊಂಡು ಒಂದನ್ನೊಂದು ಕಚ್ಚಿಸಿ, ಅಲುಗಾಡಿಸಿ ತೋರಿಸಿದರು. ಬಿಡಿಯಾಗಿ ನೋಡಿದರೆ ಎರಡೂ ಪರವಾಗಿಲ್ಲ. ಕೂಡಿಸಿದರೆ ಸಡಿಲ. ಸವೆತ ಇದ್ದದ್ದು ಇದರಲ್ಲೂ ಅಲ್ಲ, ಅದರಲ್ಲೂ ಅಲ್ಲ, ಎರಡರ ನಡುವೆ. ಬೈಕು ಓಡಿಸುವ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ವಿಷಯವೇ: ಚೈನೊಂದನ್ನೇ ಬದಲಾಯಿಸಲು ಹೋದರೆ ಅಂಗಡಿಯವನು ಸ್ಪ್ರಾಕೆಟ್ ಸೆಟ್ಟನ್ನೇ ಕೈಗಿಡುತ್ತಾನೆ. ಹಳೇ ಸ್ಪ್ರಾಕೆಟ್ಟಿನ ಹಲ್ಲು ಹಳೇ ಚೈನಿನ ಅಳತೆಗೆ ಸವೆದು ಕೂತಿರುತ್ತದೆ. ಹೊಸ ಚೈನು ಹಾಕಿದರೆ ಹೊಸದೇ ಮೊದಲು ಹಾಳಾಗುತ್ತದೆ.

ನಾವು ಮಾತ್ರ, ಗ್ಯಾರೇಜಿನ ಹೊರಗೆ, ಕೆಟ್ಟದ್ದು ಯಾವುದೋ ಒಂದು ವಸ್ತುವಿನಲ್ಲಿ, ಯಾರೋ ಒಬ್ಬರಲ್ಲಿ ಇರಲೇಬೇಕೆಂದು ಹಟ ಹಿಡಿಯುತ್ತೇವೆ. ಅಣ್ಣತಮ್ಮಂದಿರು ಪಾಲಾದಾಗ ಊರಿನ ಪಂಚಾಯ್ತಿ ಹುಡುಕುವುದೂ ಒಂದು ಹೆಸರನ್ನೇ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಉಂಡು ಒಬ್ಬರ ಅಂಚನ್ನು ಒಬ್ಬರು ಸವೆಸಿದ್ದಕ್ಕೆ ಯಾವ ಹೆಸರಿಡುವುದು? ಹಾಗೆಂದು ಯಾರದೂ ತಪ್ಪಿಲ್ಲ ಎಂದು ಕೈ ತೊಳೆದುಕೊಳ್ಳುವ ಮಾತಲ್ಲ ಇದು. ಫೋರ್ಕು ಬಗ್ಗಿಸಿದ ಕಾಲು ಯಾರದೋ ಇದ್ದೇ ಇರುತ್ತದೆ. ತಪ್ಪು ಯಾರದೆಂದು ಗೊತ್ತಾದ ಮಾತ್ರಕ್ಕೆ ಏನನ್ನು ಬದಲಾಯಿಸಬೇಕೆಂಬುದು ಗೊತ್ತಾಗುವುದಿಲ್ಲ ಎಂದಷ್ಟೇ ನಾನು ಹೇಳುತ್ತಿರುವುದು.

ಇನ್ನು ಮೆಕ್ಯಾನಿಕ್ ಸಿದ್ಧಾಂತ. ಅವರ ಲೆಕ್ಕ ಪಾರ್ಟಿನ ಸ್ಥಿತಿಯದಲ್ಲ, ಮತ್ತೆ ಬಿಚ್ಚುವ ಕಷ್ಟದ್ದು. ಕ್ರ್ಯಾಂಕಿನ ಪಕ್ಕದಲ್ಲಿ ಒಂದು ರಬ್ಬರ್ ಆಯಿಲ್ ಸೀಲ್ ಇದೆ, ಒಂದು ಊಟದ ದುಡ್ಡಿಗೆ ಸಿಗುತ್ತದೆ. ಅದು ಗಟ್ಟಿಯಾಗಿ ಬಿರುಕು ಬಿಟ್ಟರೆ ಟೂ ಸ್ಟ್ರೋಕ್ ಎಂಜಿನ್ ಗೇರಿನ ಆಯಿಲನ್ನೇ ಎಳೆದುಕೊಂಡು ಕುಡಿಯುತ್ತದೆ, ಹಿಂದೆ ಬರುವವರಿಗೆಲ್ಲ ಹೊಗೆ. ಈ ಹೊತ್ತು ಅದು ಚೆನ್ನಾಗಿಯೇ ಇದೆ. ಆದರೂ ತೆಗೆದೆಸೆಯಬೇಕು ಎನ್ನುತ್ತಾರೆ. ಅದರ ಬೆಲೆ ಒಂದು ಊಟ, ಅದನ್ನು ತಲುಪುವ ಬೆಲೆ ಎರಡು ದಿನದ ಕೂಲಿ. ‘ಚೆನ್ನಾಗಿದೆಯೇ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಮುಂದಿನ ಸಲ ಇದನ್ನು ನೋಡುವುದು ಯಾವಾಗ?’ ಎಂಬ ಪ್ರಶ್ನೆ ಬಂದು ಕೂತಿತು.

ಕಬ್ಬಿನ ಸೀಮೆಯಲ್ಲಿ ಹುಟ್ಟಿದವರಿಗೆ ಈ ಪ್ರಶ್ನೆ ಹೊಸದಲ್ಲ. ಸಕ್ಕರೆ ಕಾರ್ಖಾನೆಯ ಗಾಣಗಳನ್ನು ವರ್ಷಕ್ಕೊಮ್ಮೆ, ಅರೆಯುವ ಹಂಗಾಮು ಮುಗಿದ ಮೇಲೆ ಬಿಚ್ಚುತ್ತಾರೆ. ರೋಲರು, ಬೇರಿಂಗು, ಗೇರಿನ ಹಲ್ಲು ಎಲ್ಲವನ್ನೂ ಆಗಲೇ ನೋಡಿಬಿಡಬೇಕು. ಹಂಗಾಮಿನ ನಡುವೆ ಗಾಣ ನಿಂತರೆ ನಷ್ಟವಾಗುವುದು ಕಾರ್ಖಾನೆಗೆ ಮಾತ್ರವಲ್ಲ. ಗೇಟಿನ ಮುಂದೆ ಟ್ರ್ಯಾಕ್ಟರು, ಎತ್ತಿನಗಾಡಿಗಳ ಸಾಲು ನಿಂತಿರುತ್ತದೆ. ಕಡಿದ ಕಬ್ಬು ಗಂಟೆಗಂಟೆಗೂ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯಂಶ ಇಳಿಯುತ್ತದೆ. ರೈತನಿಗೆ ದುಡ್ಡು ಸಿಗುವುದು ತೂಕಕ್ಕೆ. ‘ಈ ಬೇರಿಂಗು ಇನ್ನೊಂದು ಹಂಗಾಮು ತಡೆಯುತ್ತದೆ’ ಎಂದು ಒಳಗೆ ಕೂತು ತೀರ್ಮಾನಿಸಿದವರು ಸಾಲಿನಲ್ಲಿ ನಿಂತಿರುವುದಿಲ್ಲ. ಆಲೆಮನೆಯಲ್ಲಿ ಹಾಗಲ್ಲ. ಗಾಣದ ಯಜಮಾನನೇ ಪಕ್ಕದಲ್ಲಿ ಕೂತಿರುತ್ತಾನೆ. ಗೇರು ಕಿರ್ರೆಂದರೆ ಅವನಿಗೇ ಮೊದಲು ಕೇಳಿಸುತ್ತದೆ, ನಿಂತರೆ ಕೊಪ್ಪರಿಗೆಯೂ ಅವನದೇ, ಹೊಗೆಯೂ ಅವನದೇ. ಒಂದೇ ಬೇರಿಂಗಿನ ಬಗ್ಗೆ ‘ಇರಲಿ ಬಿಡು’ ಎಂಬ ಮಾತು ಆಲೆಮನೆಯಲ್ಲಿ ಧೈರ್ಯ, ಕಾರ್ಖಾನೆಯಲ್ಲಿ ಬೇರೆಯವರ ಬೆನ್ನಿನ ಮೇಲೆ ಕಟ್ಟಿದ ಬಾಜಿ. ಲೋಹ ಒಂದೇ, ಸವೆತ ಒಂದೇ. ತೀರ್ಮಾನದ ನೈತಿಕತೆ ಮಾತ್ರ ಒಂದೇ ಅಲ್ಲ.

ಇಷ್ಟಾದ ಮೇಲೆ ಮೆಕ್ಯಾನಿಕ್ ಪಕ್ಷಕ್ಕೇ ವಾಲಿಬಿಡಬೇಕು ಅನ್ನಿಸುತ್ತದೆ. ಆದರೆ ದೊಡ್ಡಪ್ಪನ ಪರವಾಗಿ ಸಾಕ್ಷಿ ನುಡಿಯಲು ಅನಿರೀಕ್ಷಿತ ಮನುಷ್ಯನೊಬ್ಬ ಇದ್ದಾನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಿ.ಎಚ್. ವ್ಯಾಡಿಂಗ್ಟನ್ ಎಂಬ ಜೀವವಿಜ್ಞಾನಿ ಬ್ರಿಟನ್ನಿನ ಕೋಸ್ಟಲ್ ಕಮಾಂಡಿನ ವಿಮಾನಗಳ ಲೆಕ್ಕಪತ್ರ ನೋಡುವ ತಂಡದಲ್ಲಿ ಕೆಲಸ ಮಾಡಿದ. ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ವಿಮಾನಗಳನ್ನು ಬಿಚ್ಚಿ ತಪಾಸಣೆ ಮಾಡುವುದು ಅಲ್ಲಿನ ಪದ್ಧತಿ. ತಪಾಸಣೆ ಆದ ಮೇಲೆ ಕೆಡುವುದು ಕಡಿಮೆಯಾಗಬೇಕಲ್ಲ? ಅಂಕಿಗಳು ತಿರುಗುಮುರುಗಾಗಿದ್ದವು: ತಪಾಸಣೆ ಮುಗಿದ ಕೂಡಲೇ ಕೆಡುವುದು ಹೆಚ್ಚಾಗಿ, ದಿನ ಕಳೆದಂತೆ ಕಡಿಮೆಯಾಗುತ್ತಿತ್ತು. ನೆಟ್ಟಗೆ ಕೂತಿದ್ದನ್ನು ಕದಲಿಸಿದ್ದೇ ಕೆಡಲು ಕಾರಣವಾಗುತ್ತಿತ್ತು. ಮುಂದೆ 1978ರಲ್ಲಿ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಬರೆದ ವರದಿಯೂ, ವಿಮಾನದ ಭಾಗಗಳಲ್ಲಿ ಶೇ. 89ರಷ್ಟಕ್ಕೆ ‘ಇಷ್ಟು ವಯಸ್ಸಾದ ಕೂಡಲೇ ಬದಲಾಯಿಸು’ ಎಂಬ ನಿಯಮದಿಂದ ಉಪಯೋಗವಿಲ್ಲ, ಹಲವು ಭಾಗಗಳು ಹೊಸತರಲ್ಲೇ ಹೆಚ್ಚು ಕೆಡುತ್ತವೆ ಎಂದಿತು. ಇದನ್ನು ಗೇರಿನ ಹಲ್ಲಿಗೆ ಹಾಗೇ ಅನ್ವಯಿಸುವಂತಿಲ್ಲ. ತಿಕ್ಕಾಡಿ ಸವೆಯುವ ವಸ್ತುವಿಗೆ ವಯಸ್ಸು ಇದ್ದೇ ಇದೆ. ಆದರೆ ‘ಹೊಸದು ಹಾಕಿದರೆ ನಷ್ಟವೇನು?’ ಎಂಬ ನಿಶ್ಚಿಂತೆ ಅಲ್ಲಿಗೆ ಮುಗಿಯಿತು. ಹೊಸದಕ್ಕೂ ಒಂದು ಅಪಾಯವಿದೆ, ಅದು ಇನ್ನೂ ಪರೀಕ್ಷೆ ಬರೆದಿಲ್ಲ.

ಯಜ್ಡಿಯ ವಿಷಯದಲ್ಲಂತೂ ಇದು ಬರಿ ತರ್ಕವಲ್ಲ. ಕಾರ್ಖಾನೆ ಮುಚ್ಚಿ ಮೂರು ದಶಕ ಹತ್ತಿರವಾಯಿತು. ಹಳೇ ದಾಸ್ತಾನಿನ ಅಸಲಿ ಪಾರ್ಟ್ಸು ಸಿಕ್ಕರೆ ಅದೃಷ್ಟ. ಮಿಕ್ಕದ್ದು ಯಾರ್‍ಯಾರೋ ಮಾಡಿದ್ದು. ಗೇರಿನ ಹಲ್ಲಿಗೆ ಮೇಲ್ಚರ್ಮ ಮಾತ್ರ ಗಡಸು ಬರುವಂತೆ ಹದ ಕೊಟ್ಟಿರುತ್ತಾರೆ, ಒಳಗಿನದು ಸ್ವಲ್ಪ ಮೆದು. ಪೂರ್ತಿ ಗಡಸಾದರೆ ಗಾಜಿನಂತೆ ಒಡೆಯುತ್ತದೆ, ಪೂರ್ತಿ ಮೆದುವಾದರೆ ಬೆಲ್ಲದಂತೆ ಸವೆಯುತ್ತದೆ. ಆ ಚರ್ಮ ಉಳಿದಿರುವವರೆಗೆ ಹಳೇ ಗೇರು ಹೊಳೆಯುತ್ತಿರುತ್ತದೆ. ಚರ್ಮ ಕಿತ್ತು ಸಣ್ಣಸಣ್ಣ ಗುಳಿ ಕಂಡರೆ ಅದರ ಕಾಲ ಮುಗಿದಂತೆ. ಮೆಕ್ಯಾನಿಕ್ ಹೊಸ ಗೇರಿನ ಮೂಲೆಯೊಂದರಲ್ಲಿ ಅರ ಆಡಿಸಿ ನೋಡಿದರು. ಗಡಸಿದ್ದರೆ ಅರ ಜಾರುತ್ತದೆ, ಮೆದುವಿದ್ದರೆ ಕಚ್ಚುತ್ತದೆ. ತರಿಸಿದ್ದ ಎರಡು ಜೊತೆ ಗೇರಿನಲ್ಲಿ ಒಂದಕ್ಕೆ ಅರ ಕಚ್ಚಿತು. ಅದನ್ನು ಪಕ್ಕಕ್ಕಿಟ್ಟರು. ಸವೆದ ಅಸಲಿಗಿಂತ ಹೊಳೆಯುವ ನಕಲಿ ಬೇಗ ಕೈಕೊಡಬಹುದು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ‘ಎಲ್ಲಾನೂ ಹೊಸ್ದೇ’ ಎಂಬ ಮಾತು ಮಾತ್ರ ಆಮೇಲೆ ಬರಲಿಲ್ಲ.

ನಿಜವಾದ ಸ್ಪೋರ್ಟ್ಸ್ ಕಾರಿನವರು ಈ ತಲೆನೋವನ್ನು ಬೇರೆ ರೀತಿಯಲ್ಲಿ ಕಳೆದುಕೊಂಡಿದ್ದಾರೆ. ರೇಸ್ ಕಾರಿನ ಗೇರ್‌ಬಾಕ್ಸಿನಲ್ಲೂ ಇದೇ ಡಾಗ್ ಹಲ್ಲುಗಳೇ ಇರುವುದು. ಅಲ್ಲಿ ಇಷ್ಟು ಕಿಲೋಮೀಟರ್ ಓಡಿತೆಂದರೆ ಮುಗಿಯಿತು, ನೆಟ್ಟಗಿದ್ದರೂ ತೆಗೆ. ಫಾರ್ಮುಲಾ ಒನ್‌ನಲ್ಲಿ ಇದರ ಖರ್ಚು ಹೆಚ್ಚಿತೆಂದು 2008ರಲ್ಲಿ ಒಂದು ಗೇರ್‌ಬಾಕ್ಸ್ ನಾಲ್ಕು ರೇಸ್ ಬಾಳಬೇಕೆಂದು ನಿಯಮವನ್ನೇ ಮಾಡಬೇಕಾಯಿತು. ರಸ್ತೆಯಲ್ಲಿ ಓಡುವ ಮ್ಯಾನ್ಯುವಲ್ ಕಾರುಗಳಲ್ಲಿ ಇನ್ನೊಂದು ಜಾಣತನವಿದೆ. ಎರಡು ಗೇರು ಕಚ್ಚಿಕೊಳ್ಳುವ ಮೊದಲು ಅವುಗಳ ವೇಗವನ್ನು ಸಮ ಮಾಡಲು ನಡುವೆ ಸಿಂಕ್ರೊ ಎಂಬ ಬಳೆಯೊಂದು ಇರುತ್ತದೆ, ಸಾಮಾನ್ಯವಾಗಿ ಹಿತ್ತಾಳೆಯದು. ಅದು ಮೆದು ಲೋಹ, ಮೆದುವಾಗಿರಬೇಕೆಂದೇ ಆರಿಸಿದ್ದು. ತಾನು ಸವೆದು ಉಕ್ಕಿನ ಗೇರನ್ನು ಉಳಿಸುವುದು ಅದರ ಕೆಲಸ. ಗೇರ್‌ಬಾಕ್ಸ್ ಬಿಚ್ಚಿದಾಗ ಅದನ್ನು ಬದಲಾಯಿಸುವ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ.

ಯಂತ್ರದಲ್ಲಿ ಇದು ಒಳ್ಳೆಯ ವಿನ್ಯಾಸ. ಇದೇ ಆಲೋಚನೆ ಯಂತ್ರ ಬಿಟ್ಟು ಆಚೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಪದವಿ ಕಾಲೇಜುಗಳು ವರ್ಷವರ್ಷ ಹೊಸದಾಗಿ ನೇಮಕಗೊಳ್ಳುವ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಪಿಎಚ್‌ಡಿ ಮುಗಿಸಿದ ನನ್ನ ಹಿರಿಯ ಗೆಳೆಯರು ಬಹಳ ಮಂದಿ ಅಲ್ಲಿದ್ದಾರೆ, ನಾಳೆ ನಾನೂ ಅಲ್ಲಿರಬಹುದು. ಒಂದು ವ್ಯವಸ್ಥೆ ಅಲುಗಾಡದೆ ಉಳಿಯಲು ಯಾರು ಸವೆಯಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರುತ್ತದೆ, ಅವರನ್ನು ಸುಲಭವಾಗಿ ಬದಲಾಯಿಸಬಹುದಾದ ಜಾಗದಲ್ಲಿ ಇಟ್ಟಿರುತ್ತದೆ. ಹಿತ್ತಾಳೆಯ ಬಳೆ ಯಾಕೆ ನಾನೇ ಎಂದು ಕೇಳುವುದಿಲ್ಲ. ಮನುಷ್ಯ ಕೇಳುತ್ತಾನೆ, ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇದ್ದಾರೆ. ಬಿಡಿಭಾಗದ ಭಾಷೆಯನ್ನು ಮನುಷ್ಯರಿಗೆ ಬಳಸಿದಾಗಲೆಲ್ಲ ಮೊದಲು ಕಾಣೆಯಾಗುವುದು ಆ ಉತ್ತರ.

ಥೀಸಿಯಸ್‌ನ ಹಡಗಿಗೆ ಹಾಬ್ಸ್ 1655ರಲ್ಲಿ ಒಂದು ತಿರುವು ಕೊಟ್ಟ. ತೆಗೆದ ಹಳೇ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಅದೇ ಕ್ರಮದಲ್ಲಿ ಜೋಡಿಸಿದರೆ ಎರಡರಲ್ಲಿ ಯಾವುದು ಅಸಲಿ ಹಡಗು? ಓದುವಾಗ ಇದು ಬುದ್ಧಿಯ ಕಸರತ್ತಿನಂತೆ ಕಾಣುತ್ತದೆ. ಗ್ಯಾರೇಜಿನಲ್ಲಿ ಇದು ದಿನದಿನದ ವ್ಯಾಪಾರ. ತೆಗೆದ ಬೇರಿಂಗುಗಳನ್ನು ಮೆಕ್ಯಾನಿಕ್ ಡೀಸೆಲ್‌ನಲ್ಲಿ ತೊಳೆದು, ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿ, ಕೆಲವನ್ನು ಗುಜರಿ ಡಬ್ಬಕ್ಕೆ, ಕೆಲವನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದರು. “ಬಾಟ್ಲಿದ್ನ ಏನ್ ಮಾಡ್ತೀಯಪ್ಪ?” ಎಂದು ದೊಡ್ಡಪ್ಪ ಕೇಳಿದರು. ಹೊಸದಕ್ಕೆ ದುಡ್ಡಿಲ್ಲದವರು ಬರುತ್ತಾರೆ, ಅವರ ಗಾಡಿಗೆ ಹಾಕುತ್ತೇನೆ, ಹಳೇದು ಎಂದು ಹೇಳಿಯೇ ಹಾಕುತ್ತೇನೆ, ದುಡ್ಡು ತಗೊಳ್ಳಲ್ಲ ಎಂದರು. ಬೆಳಿಗ್ಗೆ ಡೇರಿಗೆ ಹಾಲು ಸಾಗಿಸುವವನೊಬ್ಬನ ಗಾಡಿ ಹಾಗೇ ಎರಡು ವರ್ಷದಿಂದ ಓಡುತ್ತಿದೆಯಂತೆ.

ದೊಡ್ಡಪ್ಪ ಸುಮ್ಮನಾದರು. ವಾರಕ್ಕೊಮ್ಮೆ ಪೇಟೆಗೆ ಬರುವ ಅವರ ಗಾಡಿಗೆ ಅಪಾಯ ಎಂದು ತೆಗೆದ ಬೇರಿಂಗು, ದಿನಾ ಕತ್ತಲಲ್ಲಿ ಕ್ಯಾನು ಕಟ್ಟಿಕೊಂಡು ಓಡುವವನ ಗಾಡಿಗೆ ಸಾಕು. ಮೆಕ್ಯಾನಿಕ್ ಮೋಸ ಮಾಡುತ್ತಿಲ್ಲ, ಉಪಕಾರವನ್ನೇ ಮಾಡುತ್ತಿದ್ದಾರೆ. ಅವರು ಕೊಡದಿದ್ದರೆ ಹಾಲಿನವನ ಗಾಡಿ ಇನ್ನೂ ಕೆಟ್ಟ ಬೇರಿಂಗಿನಲ್ಲೇ ಓಡುತ್ತಿತ್ತು. ಆದರೂ ಅಲ್ಲೊಂದು ಲೆಕ್ಕ ತಾಳೆಯಾಗುವುದಿಲ್ಲ. ನಾವು ‘ಸವೆದಿದೆ’ ಎನ್ನುವುದು ಲೋಹದ ಅಳತೆಯೋ, ಜೇಬಿನ ಅಳತೆಯೋ? ದುಡ್ಡಿದ್ದವನು ಮುಂಜಾಗ್ರತೆಗೆಂದು ತೆಗೆಸಿದ್ದು ಇಲ್ಲದವನ ಅಪಾಯವಾಗಿ ಊರೊಳಗೇ ತಿರುಗುತ್ತಿದ್ದರೆ, ನನ್ನ ಗಾಡಿ ಭದ್ರವಾಯಿತು ಎಂದು ನಾನು ಹೇಳುವ ಮಾತಿನ ಅರ್ಥವೇನು? ಗುಜರಿಗೆ ಹಾಕಿಬಿಡಿ ಎಂದರೆ ಅವನ ಗಾಡಿ ನಿಲ್ಲುತ್ತದೆ. ಕೊಡಿ ಎಂದರೆ, ನಾನು ಹತ್ತಲು ಹೆದರಿದ ಏಣಿಯನ್ನು ಅವನಿಗೆ ಹಿಡಿದುಕೊಟ್ಟಂತೆ.

ಆ ದಿನ ತೀರ್ಮಾನವಾದದ್ದು ಹೀಗೆ. ಎರಡನೇ ಗೇರಿನ ಜೊತೆ ಎರಡೂ ಹೊಸದು, ಅರ ಜಾರಿದ ಜೊತೆಯದು. ಫೋರ್ಕು ಹೊಸದು. ಸೀಲು, ಪ್ಯಾಕಿಂಗು ಎಲ್ಲ ಹೊಸದು. ಮೂರನೇ ಗೇರಿನ ಹೊಳಪು ಹೋಗಿಲ್ಲ, ಇರಲಿ. ಕಿಕ್ಕಿನ ಹಲ್ಲು ಸ್ವಲ್ಪ ಸವೆದಿದೆ, ಇರಲಿ. ಜಾರಿದರೆ ತಳ್ಳಿ ಸ್ಟಾರ್ಟ್ ಮಾಡಿದರಾಯಿತು. ಕ್ರ್ಯಾಂಕಿನ ಬೇರಿಂಗು ಎರಡೂ ಹೊಸದು. ಬಿಚ್ಚಿದ ಹಳೆಯ ಎರಡರಲ್ಲಿ ಒಂದು ತಿರುಗಿಸಿದಾಗ ಗರಗರ ಎಂದಿತು, ಅದು ಗುಜರಿಗೆ. ಇನ್ನೊಂದು ಸದ್ದಿಲ್ಲದೆ ತಿರುಗಿತು. ಅದನ್ನು ಕೈಯಲ್ಲಿ ಹಿಡಿದು ಮೆಕ್ಯಾನಿಕ್ ದೊಡ್ಡಪ್ಪನ ಮುಖ ನೋಡಿದರು. “ಆ ಹಾಲಿನವ್ನ ಗಾಡಿಗೆ ಹೊಸ್ದು ಎಷ್ಟಾಯ್ತದಪ್ಪ?” ಎಂದು ದೊಡ್ಡಪ್ಪ ಕೇಳಿದರು. ಅವರು ಹೇಳಿದ ಮೊತ್ತವನ್ನು ನಮ್ಮ ಬಿಲ್ಲಿನ ಕೊನೆಗೆ ಸೇರಿಸಿಕೊಂಡರು. ಬಾಟಲಿಯಲ್ಲಿ ಆಗಲೇ ಇದ್ದ ಹತ್ತಿಪ್ಪತ್ತು ಬೇರಿಂಗುಗಳ ಮಾತು ಇಬ್ಬರೂ ಎತ್ತಲಿಲ್ಲ.